‘ಬ್ಯಾಡ್ರಿ ಟೀಚರ್’ ಎನ್ನಲು ಒಂದು ಹಾಳೆ

ಸೆರೆಬ್ರಲ್ ಪಾಲ್ಸಿಯೋ ಆಟಿಸಮ್ಮೋ ಕಾರಣವಾಗಿ ಮಾತು ಬಾರದ ಮಗು ಶಾಲೆಗೆ ಬಂದರೆ ‘ಪಾಪ, ಸುಮ್ನ ಕುಂದರ್ಲಿ’ ಎಂದು ಮೂಲೆಯಲ್ಲಿ ಕೂರಿಸುವುದು ರೂಢಿ. ಹಾಜರಿ ಬೀಳುತ್ತದೆ, ಬಿಸಿಯೂಟ ಸಿಗುತ್ತದೆ. ಮಗುವಿಗೆ ಹೇಳುವುದೇನಾದರೂ ಇದೆಯೇ ಎಂದು ಕೇಳುವವರಿಲ್ಲ.

ಮಾತಿಗೆ ಪೂರಕವಾದ, ಪರ್ಯಾಯವಾದ ಸಂವಹನ ವಿಧಾನಗಳನ್ನು ಶಾಲೆಗಳಲ್ಲಿ ಬೆಳೆಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಸರ್ಕಾರಗಳಿಗೆ ಹೇಳಿದೆ. ಇದಕ್ಕೆ ಟ್ಯಾಬ್ಲೆಟ್ಟೇ ಆಗಬೇಕೆಂದಿಲ್ಲ. ನಾಲ್ಕು ಸಾಲು, ಸಾಲಿಗೆ ನಾಲ್ಕು ಚಿತ್ರ, ಕೆಳಗೆ ಪದ, ಮೇಲೊಂದು ಲ್ಯಾಮಿನೇಷನ್. ಇಷ್ಟಾದರೆ ಶುರು ಮಾಡಬಹುದು.

ಆದರೆ ಆ ಹದಿನಾರು ಮನೆಗಳಲ್ಲಿ ಏನಿರಬೇಕು? ನೀರು, ಊಟ, ಶೌಚ ಎಂದು ನಿಲ್ಲಿಸಿಬಿಟ್ಟರೆ ಮಗು ಬೇಡುವುದನ್ನಷ್ಟೇ ಕಲಿಯುತ್ತದೆ. ಬ್ಯಾಡ, ಸಾಕು, ಇನ್ನಷ್ಟು, ಯಾಕ, ನೀನೂ ಬಾ, ಸಿಟ್ಟು ಬಂದದ ಇವೂ ಬೇಕು. ಜಗಳವಾಡಲು ಬಾರದ ಹಾಳೆ ನನ್ನ ಮಟ್ಟಿಗೆ ಅರ್ಧ ಹಾಳೆ. ಶಿಕ್ಷಕರೂ ಅದರ ಮೇಲೆ ಬೆರಳಿಟ್ಟೇ ಮಾತಾಡಬೇಕು. ‘ಇನ್ನಷ್ಟು ನೀರು ಬೇಕೇನು?’ ಎನ್ನುವಾಗ ಒಂದೊಂದೇ ಚಿತ್ರ ಮುಟ್ಟಬೇಕು. ಉಳಿದ ಮಕ್ಕಳು ಕೇಳಿ ಕೇಳಿ ಕಲಿತದ್ದನ್ನು ಈ ಮಗು ನೋಡಿ ನೋಡಿ ಕಲಿಯಬೇಕಲ್ಲ. ಪಕ್ಕದಲ್ಲಿ ಕೂರುವ ಗೆಳೆಯರಿಗೂ ರೂಢಿಯಾದರೆ ಹಾಳೆ ಆಟದ ಬಯಲಿಗೂ ಹೋಗುತ್ತದೆ.

ಮುಂದಿನ ಮೆಟ್ಟಿಲು ಆ್ಯಪ್. ಐಐಟಿ ಬಾಂಬೆಯಲ್ಲಿ ರೂಪುಗೊಂಡ ‘ಜೆಲ್ಲೋ’, ಚೆನ್ನೈನ ‘ಆವಾಜ್’ ಇಂಥವು. ಚಿತ್ರ ಒತ್ತಿದರೆ ದನಿ ಬರುತ್ತದೆ. ಕನ್ನಡದಲ್ಲಿ ತೊಡಕೊಂದಿದೆ. ‘ಹೋಗು’ ಎಂಬುದಕ್ಕೆ ಚಿತ್ರ ಒಂದೇ, ಹೋಗತೀನಿ, ಹೋಗಂಗಿಲ್ಲ, ಹೋಗೂಣು ಎನ್ನಲು ಪ್ರತ್ಯಯ ಎಲ್ಲಿಂದ ತರುವುದು? ಮೇಲಾಗಿ ಯಂತ್ರ ಆಡುವ ಪುಸ್ತಕದ ಕನ್ನಡ ಕುಷ್ಟಗಿ ತಾಲ್ಲೂಕಿನ ತಾವರಗೇರಾದ ಮಗುವಿಗೆ ಪರಕೀಯ. ಧ್ವನಿ ಮುದ್ರಿಸುವ ಸೌಲಭ್ಯವಿದ್ದರೆ ಅದೇ ಓಣಿಯ, ಅದೇ ವಯಸ್ಸಿನ ಮಗುವಿನ ದನಿ ಹಾಕುವುದು ಮೇಲು.

‘ಚಿತ್ರ ರೂಢಿಯಾದ್ರ ಬರೂ ಮಾತೂ ನಿಂತೀತು’ ಎಂಬ ಹೆದರಿಕೆ ಮನೆಮಂದಿಗಿರುತ್ತದೆ. ಸಂಶೋಧಕರಾದ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ 2006ರಲ್ಲಿ ಈ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಗಟ್ಟಿ ಪುರಾವೆ ಸಿಕ್ಕ 27 ಜನರಲ್ಲಿ ಒಬ್ಬರ ಮಾತೂ ಕುಗ್ಗಿರಲಿಲ್ಲ. ಶೇ 89ರಷ್ಟು ಮಂದಿಯ ಮಾತು ಹೆಚ್ಚಿತ್ತು. ಹೆಚ್ಚಳ ಬಹುತೇಕರಲ್ಲಿ ಅಷ್ಟಿಷ್ಟೇ, ನಿಜ.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಬಗೆಯ ಸಂವಹನದ ಪರಿಣತರಿದ್ದಾರೆ. ತಾವರಗೇರಾಕ್ಕೆ ಮೈಸೂರು ದೂರ, ಕುಷ್ಟಗಿ ಹತ್ತಿರ. ತಂದೆತಾಯಂದಿರೇ, ಮೊದಲು ಅಲ್ಲಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕಾಣಿ. ಟ್ಯಾಬ್ಲೆಟ್ ಮಂಜೂರಾಗುವವರೆಗೆ ಕಾಯದೆ ಹಾಳೆಯನ್ನು ಈ ವಾರವೇ ಮಾಡಿಸಿ. ‘ಬ್ಯಾಡ’ ಎಂಬ ಮನೆ ಬಿಟ್ಟುಹೋಗದಿರಲಿ.