ಪರದೇಶದ ದೇವಾಲಯ ಮತ್ತು ಸಮುದಾಯ ಜೀವನ

ಊರಿನಲ್ಲಿ ದೇವಾಲಯವು ಜನಜೀವನದ ಒಂದು ಅಂಗ ಮಾತ್ರ. ಮದುವೆಗೆ ಛತ್ರ, ಊಟಕ್ಕೆ ಖಾನಾವಳಿ, ಸಂಗೀತಕ್ಕೆ ಸಭೆ, ಮಾತುಕತೆಗೆ ಜಗಲಿ ಎಂದು ಬೇರೆ ಬೇರೆ ನೆಲೆಗಳಿರುತ್ತವೆ. ಪರದೇಶದಲ್ಲಿ ಇವೆಲ್ಲವೂ ಒಂದೇ ಸೂರಿನಡಿ ಬಂದು ಸೇರುತ್ತವೆ. ನ್ಯೂಯಾರ್ಕ್ ನಗರದ ಫ್ಲಷಿಂಗ್‌ನಲ್ಲಿರುವ ಮಹಾವಲ್ಲಭ ಗಣಪತಿ ದೇವಸ್ಥಾನ ಇದಕ್ಕೊಂದು ನಿದರ್ಶನ.

1965ರ ವಲಸೆ ಕಾಯಿದೆಯ ತರುವಾಯ ಅಮೆರಿಕೆಯಲ್ಲಿ ಭಾರತೀಯರ ಸಂಖ್ಯೆ ಹೆಚ್ಚತೊಡಗಿತು. 1970ರಲ್ಲಿ ದೇವಾಲಯ ನಿರ್ಮಾಣಕ್ಕಾಗಿ ಸಂಘವೊಂದು ರೂಪುಗೊಂಡಿತು. ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚು ಇದ್ದ ನಿವೇಶನದಲ್ಲಿ, ಭಾರತದಲ್ಲಿ ಕೆತ್ತಿಸಿ ತಂದ ಶಿಲೆಗಳನ್ನು ಬಳಸಿ, ಆಗಮೋಕ್ತ ಕ್ರಮದಲ್ಲಿ ಗುಡಿ ಎದ್ದಿತು. 1977ರ ಜುಲೈ 4ರಂದು ಪ್ರತಿಷ್ಠೆ ನೆರವೇರಿತು. ಇಂದು ಅಲ್ಲಿ ಪೂಜೆಯೊಂದಿಗೆ ಮದುವೆ, ಸಂಗೀತ, ನೃತ್ಯ, ಮಕ್ಕಳ ತರಗತಿಗಳೂ ನಡೆಯುತ್ತವೆ. ನೆಲಮಾಳಿಗೆಯ ಕ್ಯಾಂಟೀನಿನ ದೋಸೆಗಾಗಿ ಅನ್ಯಧರ್ಮೀಯರೂ ಬರುವುದುಂಟು. 2022ರಲ್ಲಿ ಆ ಬೀದಿಗೆ ಗಣೇಶ ದೇವಸ್ಥಾನದ ಹೆಸರೂ ಸೇರಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ನಮ್ಮೂರ ಗುಡಿಯಲ್ಲಿ ಮಂತ್ರ ಸಂಸ್ಕೃತದ್ದಾದರೂ ಪ್ರಾಕಾರದ ಮಾತು ಕನ್ನಡವೇ. ತಮಿಳರು, ತೆಲುಗರು, ಕನ್ನಡಿಗರು, ಗುಜರಾತಿಗಳು ಒಟ್ಟುಗೂಡುವ ಗುಡಿಯಲ್ಲಾದರೋ ಇಂಗ್ಲಿಷು ಸಹಜವಾಗಿಯೇ ಸಂಪರ್ಕಭಾಷೆಯಾಗುತ್ತದೆ. ಅಲ್ಲಿ ಬೆಳೆಯುವ ಮಗು ಶ್ಲೋಕವನ್ನು ಕಂಠಪಾಠ ಮಾಡುತ್ತದೆ. ಅಜ್ಜಿಯ ನುಡಿಯನ್ನು ಕಲಿಯದೆಯೇ ಉಳಿಯಬಹುದು. ಭಕ್ತಿಯನ್ನು ಕಾಯುವ ದೇವಾಲಯ ಭಾಷೆಯನ್ನೂ ತಾನಾಗಿ ಕಾಯುತ್ತದೆಂದು ಭಾವಿಸಲಾಗದು. ಆ ಹೊಣೆ ಮನೆಯದು, ಕನ್ನಡ ಕೂಟಗಳದು. ಹೊರನಾಡ ಕನ್ನಡಿಗರಾದ ನಮಗೂ ಈ ಮಾತು ಸಲ್ಲುತ್ತದೆ.