ಅರೇಬಿಕಾ, ರೊಬಸ್ಟಾ: ಕುಲ ಒಂದೇ, ಕಾಡಿನಲ್ಲಿ ಪಾಡು ಬೇರೆ

ರೊಬಸ್ಟಾಕ್ಕೆ ಒಳ್ಳೆಯ ಧಾರಣೆ ಬಂದ ಮೇಲೆ, ಅರೇಬಿಕಾ ಕಿತ್ತು ರೊಬಸ್ಟಾ ನೆಡಬಹುದೇ ಎಂದು ಕೇಳುವ ಸದಸ್ಯರು ಹೆಚ್ಚಾಗಿದ್ದಾರೆ. ಬಿಳಿ ಕಾಂಡಕೊರಕದ ಕಾಟ ಉಂಡವರ ಈ ಲೆಕ್ಕ ತಪ್ಪೆನ್ನಲಾಗದು. ಆದರೂ ಗಿಡ ಕೀಳುವ ಮುನ್ನ ಎರಡರ ಕುಲಗೋತ್ರವನ್ನು ಅರಿಯುವುದು ಲೇಸು.

ಎರಡೂ ನಮ್ಮ ಕೇಪಳದ ಗಿಡವಿರುವ ರುಬಿಯೇಸಿ ಕುಟುಂಬದವು; ಕುಲ ಕಾಫಿಯಾ. ಪ್ರಭೇದ ಮಾತ್ರ ಬೇರೆ. ಲಿನೇಯಸ್ 1753ರಲ್ಲಿ ಅರೇಬಿಕಾ ಎಂದು ಹೆಸರಿಟ್ಟರೂ ಅದರ ಮುಖ್ಯ ತವರು ಇಥಿಯೋಪಿಯದ ಬೆಟ್ಟದ ಕಾಡು. ರೊಬಸ್ಟಾದ ಶಾಸ್ತ್ರೀಯ ಹೆಸರು ಕಾಫಿಯಾ ಕೆನಿಫೋರಾ. ಇದು ಆಫ್ರಿಕದ ತಗ್ಗು ಕಾಡುಗಳದು. ರೊಬಸ್ಟಾದಲ್ಲಿ ವರ್ಣತಂತುಗಳು 22, ಅರೇಬಿಕಾದಲ್ಲಿ 44. ಬಹು ಹಿಂದೆ ಕೆನಿಫೋರಾವು ಯೂಜೆನಿಯಾಯ್ಡಿಸ್ ಎಂಬ ಇನ್ನೊಂದು ಪ್ರಭೇದದೊಡನೆ ಕಾಡಿನಲ್ಲಿ ತಾನಾಗಿಯೇ ಕೂಡಿದ್ದರಿಂದ ಅರೇಬಿಕಾ ಹುಟ್ಟಿತು. ಹೀಗಾಗಿ ರೊಬಸ್ಟಾ ಅರೇಬಿಕಾಕ್ಕೆ ಹೆತ್ತವರ ಪೈಕಿ.

ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ಆದ್ದರಿಂದ ಗಿಡದಿಂದ ಗಿಡಕ್ಕೆ ಗುಣ ವ್ಯತ್ಯಾಸವಿರುತ್ತದೆ. ಅರೇಬಿಕಾ ತನ್ನದೇ ಪರಾಗದಿಂದ ಫಲ ಕೊಡುತ್ತದೆ. ಕೆಲವೇ ಬೀಜಗಳಿಂದ ಜಗತ್ತಿಗೆಲ್ಲ ಹಬ್ಬಿತು. ಸಾಲಿಗೆ ಸಾಲೇ ಒಂದೇ ಬಗೆಯಾದರೆ ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗಲುತ್ತದೆ. 1869ರಲ್ಲಿ ಸಿಂಹಳದಲ್ಲಿ ಕಂಡ ಎಲೆ ತುಕ್ಕು ಅಲ್ಲಿನ ಕಾಫಿಯನ್ನೇ ಮುಳುಗಿಸಿತು.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಕಾಡು ಅರೇಬಿಕಾ ಅಳಿವಿನ ಅಪಾಯದಲ್ಲಿರುವ ಪ್ರಭೇದ. ರೊಬಸ್ಟಾ ಸದ್ಯಕ್ಕೆ ಆತಂಕವಿಲ್ಲದ್ದು. ಕಾಡು ಕಡಿತ, ಹವೆಯ ಏರುಪೇರು ಮುಖ್ಯ ಕಾರಣಗಳು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 124 ಕಾಫಿ ಪ್ರಭೇದಗಳಲ್ಲಿ 75ಕ್ಕೆ ಅಳಿವಿನ ಭಯವಿದೆ.

ತೋಟದ ತುಂಬ ಅರೇಬಿಕಾ ಇರುವಾಗ ಇಥಿಯೋಪಿಯದ ಕಾಡಿನ ಚಿಂತೆ ನಮಗೇಕೆ ಎನ್ನಬಹುದು. ನಮ್ಮ ಸೆಲೆಕ್ಷನ್ 9 ತಳಿಯನ್ನೇ ನೋಡಿ. ಇಥಿಯೋಪಿಯದ ತಫಾರಿಕೆಲಾ ಮತ್ತು ಟಿಮೋರ್ ದ್ವೀಪದ ಮಿಶ್ರತಳಿಯನ್ನು ಕೂಡಿಸಿ ಅದನ್ನು ಪಡೆದರು. ಆ ಟಿಮೋರ್ ಗಿಡವೂ ಅರೇಬಿಕಾ–ರೊಬಸ್ಟಾ ತಾವಾಗಿ ಕೂಡಿದ್ದರ ಫಲ. ತುಕ್ಕು ತಡೆವ ಗುಣ ಬಂದದ್ದು ರೊಬಸ್ಟಾದಿಂದ. ಮುಂದಿನ ರೋಗಕ್ಕೆ ಮದ್ದು ಯಾವ ಕಾಡುಗಿಡದಲ್ಲಿದೆಯೋ ಬಲ್ಲವರಾರು? ಗಿಡ ಅಳಿದರೆ ಗುಣವೂ ಅಳಿದಂತೆ.

ಆದಕಾರಣ ಸದಸ್ಯರಲ್ಲಿ ನಿವೇದನೆ: ಎತ್ತರದ, ತಂಪಿನ ಪಟ್ಟೆಯಲ್ಲಿ ಅರೇಬಿಕಾವನ್ನು ಪೂರ್ತಿ ತೆಗೆಯಬೇಡಿ. ತುಕ್ಕು, ಕೊರಕಗಳ ನಡುವೆಯೂ ವರ್ಷವರ್ಷ ಗಟ್ಟಿಯಾಗಿ ನಿಂತ ಹಳೆಯ ಗಿಡಗಳಿದ್ದರೆ ಗುರುತು ಹಾಕಿ, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ತಿಳಿಸಿ. ಧಾರಣೆ ಏರೀತು, ಇಳಿದೀತು. ಕಿತ್ತ ಗಿಡ ಮರಳದು.