ತೋಟ ನೋಡೋದು ಬೇರೆ, ನೋಡಿಕೊಳ್ಳೋದು ಬೇರೆ

ಇಂಗ್ಲಿಷಿನ ದೊಡ್ಡ ಪದಗಳಿಗಿಂತ ಸಣ್ಣ ಪದಗಳೇ ನಮ್ಮ ಮಕ್ಕಳನ್ನು ಹೆಚ್ಚು ಕಾಡುತ್ತವೆ. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ. ಹಾಗಾದರೆ ಗಿವ್ ಅಪ್ ಅಂದರೆ ಮೇಲೆ ಕೊಡು ಅಂತಲೇ? ಅಲ್ಲ, ಕೈಬಿಡು ಅಂತ. ಇಂಥ ಜೋಡಿಗೆ ಫ್ರೇಸಲ್ ವರ್ಬ್ ಅಂತ ಹೆಸರು. ಗೈಡ್ ಪುಸ್ತಕಗಳು ಪಟ್ಟಿ ಕೊಡುತ್ತವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತಾರೆ. ಪಟ್ಟಿ ಬಿಟ್ಟು ದಿನದ ಮಾತನ್ನು ಹಿಡಿದರೆ ಕೆಲಸ ಸಲೀಸು ಅನ್ನೋದು ನಮ್ಮ ಅಭಿಪ್ರಾಯ.

ಅದಕ್ಕಾಗಿ ಈ ವಾರ ಘಟ್ಟ ಹತ್ತಿ ಕಂದಿಕೆರೆಗೆ ಹೋಗೋಣ. ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಊರು, ನಮ್ಮ ಕರಾವಳಿಯಂತೆ ತೆಂಗಿನ ನಾಡು. ಅಲ್ಲಿನ ತೋಟದ ಮಾತನ್ನೇ ತಗೊಳ್ಳಿ. ‘ತೋಟ ನೋಡು’ ಅಂದರೆ ಕಣ್ಣಲ್ಲಿ ನೋಡು, ಅಷ್ಟೇ. ‘ತೋಟ ನೋಡಿಕೊ’ ಅಂದರೆ ನೀರು ಬಿಡು, ಗೊಬ್ಬರ ಹಾಕು, ದನ ನುಗ್ಗದಂತೆ ಕಾಯಿ. ‘ಕೊ’ ಸೇರಿದ್ದೇ ತಡ, ಅರ್ಥವೇ ಬೇರೆ ಆಯ್ತು. ಇಂಗ್ಲಿಷಿನಲ್ಲೂ ಹಾಗೇ. ಲುಕ್ ಅಟ್ ಅಂದರೆ ನೋಡು, ಲುಕ್ ಆಫ್ಟರ್ ಅಂದರೆ ನೋಡಿಕೊ. ನಮ್ಮ ‘ಕಂಡುಹಿಡಿ’ ಅವರಲ್ಲಿ ಫೈಂಡ್ ಔಟ್.

‘ಕೊಳವೆಬಾವಿ ಬತ್ತಿಹೋಯ್ತು’ ಅನ್ನೋದು ಆ ಸೀಮೆಯ ರೈತನ ಬಾಯಲ್ಲಿ ಹೊಸ ಮಾತಲ್ಲ. ಇಂಗ್ಲಿಷಿನಲ್ಲಿ: ದ ಬೋರ್‌ವೆಲ್ ಡ್ರೈಡ್ ಅಪ್. ಇಲ್ಲಿ ‘ಹೋಯ್ತು’ ಅಂದರೆ ಬಾವಿ ಎಲ್ಲಿಗೂ ಹೋಗಲಿಲ್ಲ. ಅಪ್ ಅಂದರೆ ಏನೂ ಮೇಲಕ್ಕೇರಲಿಲ್ಲ. ಪೂರ್ತಿ ಮುಗಿಯಿತು ಅಂತ ಎರಡೂ ಹೇಳುತ್ತವೆ. ಕೊಬ್ಬರಿಗೆ ಬಂದರೆ ಡ್ರೈ ಔಟ್ ಅನ್ನಬೇಕು. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ಒಳಗಿನ ನೀರು ಆರಿದ ಮೇಲೆ ಉಂಡೆ ಕೊಬ್ಬರಿ ತೆಗೆದು ತಿಪಟೂರು ಮಾರುಕಟ್ಟೆಗೆ ಒಯ್ಯುತ್ತಾರಲ್ಲ, ಆ ಒಳಗಿನ ತೇವ ಹೊರಗೆ ಹೋಗೋದೇ ಔಟ್. ಬಾವಿಗೆ ಅಪ್, ಕೊಬ್ಬರಿಗೆ ಔಟ್!

ಅಂದ ಹಾಗೆ, ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ತೀರ್ಥಪುರದಲ್ಲಿ. ಇಂಗ್ಲಿಷ್ ಕಲಿಯಲು ಕನ್ನಡ ವ್ಯಾಕರಣದ ಸಹಾಯ ಕೇಳೋದಕ್ಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ?

ಎಡವುವ ಜಾಗಗಳೂ ಇವೆ. ‘ಮೋಟರ್ ಆಫ್ ಮಾಡು’ ಅನ್ನುವಾಗ ನಾವು ಸ್ವಿಚ್ ಅನ್ನೋ ತಲೆ ಬಿಟ್ಟು ಆಫ್ ಅನ್ನೋ ಬಾಲ ಮಾತ್ರ ಉಳಿಸಿಕೊಂಡಿದ್ದೇವೆ. ಕನ್ನಡದಲ್ಲಿ ಅದು ಚೆನ್ನಾಗೇ ನಡೆಯುತ್ತದೆ. ಇಂಗ್ಲಿಷ್ ಬರೆಯುವಾಗ ಮಾತ್ರ ‘ಐ ಆಫ್ಡ್ ದ ಮೋಟರ್’ ಆಗಿಬಿಡುತ್ತದೆ. ಸ್ವಿಚ್ಡ್ ಆಫ್ ಅನ್ನಬೇಕು. ಮೋಟರಿನ ಬದಲು ಇಟ್ ಬಂದರೆ ಅದು ನಡುವೆ ಕೂರುತ್ತದೆ: ಸ್ವಿಚ್ ಇಟ್ ಆಫ್. ‘ಸ್ವಿಚ್ ಆಫ್ ಇಟ್’ ತಪ್ಪು. ನಡುವೆ ನುಗ್ಗೋದು ನಮಗೂ ಹೊಸದಲ್ಲ. ‘ತಿಂದುಬಿಟ್ಟ’ ಅನ್ನೋದನ್ನು ಒತ್ತಿ ಹೇಳುವಾಗ ‘ತಿಂದೇಬಿಟ್ಟ’ ಅನ್ನುತ್ತೇವಲ್ಲ! ಆದರೆ ಲುಕ್ ಆಫ್ಟರ್ ಒಡೆಯುವುದಿಲ್ಲ, ‘ಲುಕ್ ಆಫ್ಟರ್ ಇಟ್’ ಅಂತಲೇ ಹೇಳಬೇಕು.

ಇದೆಲ್ಲ ಬರೀ ಐದು ಅಂಕದ ವಿಷಯವಲ್ಲ. ಕೆಲಸಕ್ಕೆ ಗಲ್ಫಿಗೋ ಬೆಂಗಳೂರಿಗೋ ಅರ್ಜಿ ಹಾಕಿದ ಹುಡುಗನಿಗೆ ಬರುವ ಎರಡು ಸಾಲಿನ ಉತ್ತರದಲ್ಲಿ ಇವೇ ಇರುತ್ತವೆ. ಇಂಟರ್‌ವ್ಯೂ ಪುಟ್ ಆಫ್ ಆಗಿದೆ ಅಂದರೆ ಮುಂದಕ್ಕೆ ಹೋಗಿದೆ, ಕಾಯಬಹುದು. ಕಾಲ್ಡ್ ಆಫ್ ಅಂದರೆ ರದ್ದಾಗಿದೆ. ಟರ್ನ್ಡ್ ಡೌನ್ ಅಂದರೆ ಅರ್ಜಿ ಒಪ್ಪಲಿಲ್ಲ, ಬೇರೆ ಕಡೆ ನೋಡಿ. ‘ಇವತ್ತು ಆಫ್’ ಅಂದರೆ ರಜೆ ಅಂತ ತಿಳಿದ ನಮಗೆ ಲೇಡ್ ಆಫ್ ಕೂಡ ರಜೆಯಂತೆ ಕೇಳಿಸೀತು. ಅದು ಕೆಲಸದಿಂದ ತೆಗೆದ ಸುದ್ದಿ.

ಇನ್ನೊಂದು ಮಾತು. ಡಿಗ್ರಿ ಮುಗಿಸಿದ್ದಕ್ಕೆ ನಮ್ಮಲ್ಲಿ ‘ಪಾಸ್ಡ್ ಔಟ್’ ಅನ್ನೋ ರೂಢಿ ಇದೆ. ಅಮೆರಿಕದ ಮ್ಯಾನೇಜರ್ ಎದುರು ಕೂತಿದ್ದರೆ ಆತನಿಗೆ ಮೊದಲು ಹೊಳೆಯೋದು ಹುಡುಗ ಪ್ರಜ್ಞೆ ತಪ್ಪಿ ಬಿದ್ದಿದ್ದ ಅಂತ! ಅಂಥ ಕಡೆ ಗ್ರಾಜುಯೇಟೆಡ್ ಅಂದುಬಿಡಿ.